ಒಳಗೆ ನಿಂತ ನೀರು

ಗೃಹಕೃತ್ಯಗಳಲ್ಲಿ ಬಟ್ಟೆ ಒಗೆಯುವ ಕೆಲಸದಷ್ಟು ನೀರಿನ ಗುಣವನ್ನು ನೆಚ್ಚಿಕೊಂಡಿರುವ ಕೆಲಸ ಮತ್ತೊಂದಿಲ್ಲ. ಅಡಿಗೆಗೆ ಬೇಕಾದ ನೀರನ್ನು ದೂರದಿಂದ ಹೊತ್ತು ತರಬಹುದು, ಕುಡಿಯುವ ನೀರನ್ನು ಕಾಯಿಸಿ ಸೋಸಬಹುದು. ಆದರೆ ಒಂದು ಸಂಸಾರದ ಬಟ್ಟೆಯನ್ನೆಲ್ಲ ನೆನೆಸಿ, ತಿಕ್ಕಿ, ಜಾಲಾಡಿ, ಹಿಂಡುವುದಕ್ಕೆ ಬೇಕಾದ ನೀರು ಮನೆಯ ಬಳಿಯಲ್ಲಿಯೇ ಇರಬೇಕು, ಇದ್ದ ನೀರನ್ನು ಇದ್ದಂತೆಯೇ ಒಪ್ಪಿಕೊಳ್ಳಲೂ ಬೇಕು. ಈ ಮಾತಿನ ಸತ್ಯವನ್ನು ನಾನು ಎರಡು ನೀರುಗಳ ನಡುವೆ ಬಾಳಿ ತಿಳಿದವಳು. ಮದುವೆಯಾಗಿ ಸೇರಿದ್ದು ತೀರ್ಥಹಳ್ಳಿಯ ಸೀಮೆಯ ತುಂಗಾತೀರದ ಒಂದು ಹಳ್ಳಿಯನ್ನು. ಅನಂತರ ಸಂಸಾರ ಹೂಡಿದ್ದು ಬೆಂಗಳೂರಿನ ಪಶ್ಚಿಮಕ್ಕೆ, ಆಗಿನ್ನೂ ರಾಗಿಯ ಹೊಲಗಳ ನಡುವೆ ತಲೆಯೆತ್ತುತ್ತಿದ್ದ ಒಂದು ಬಡಾವಣೆಯಲ್ಲಿ. ಕಾವೇರಿಯ ನೀರು 1974ರಲ್ಲಿಯೇ ನೂರು ಕಿಲೋಮೀಟರುಗಳಷ್ಟು ದೂರದಿಂದ ನಗರಕ್ಕೆ ಏರಿ ಬಂದಿದ್ದರೂ, ನಮ್ಮ ಬೀದಿಯವರೆಗೆ ಬರುವುದಕ್ಕೆ ಅದಕ್ಕೆ ಬಹಳ ವರ್ಷಗಳು ಹಿಡಿದುವು. ಅಲ್ಲಿಯವರೆಗೂ, ಬಂದ ಮೇಲೆಯೂ ಬೇಸಿಗೆಗಳಲ್ಲಿ, ನಮ್ಮನ್ನು ಕಾಪಾಡಿದುದು ಕೊಳವೆಬಾವಿಯೇ.

ತುಂಗೆಯ ನೀರು ಮೃದುವಾದುದು. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿಯನ್ನು ಬಳಸಿ, ಗಟ್ಟಿಬಂಡೆಗಳ ಮೇಲೆ ಹರಿದು ಬರುವ ಮಳೆಯ ನೀರು ಅದು. ಸುಣ್ಣದ ಅಂಶವನ್ನು ಕರಗಿಸಿಕೊಳ್ಳುವಷ್ಟು ಕಾಲ ಎಲ್ಲಿಯೂ ನೆಲದೊಳಗೆ ತಂಗದೆ ಬಂದುಬಿಡುತ್ತದೆ. ಆದುದರಿಂದ ಅಂಟುವಾಳದ ನಾಲ್ಕು ಕಾಯಿಗಳನ್ನು ನೆನೆಹಾಕಿದರೆ ಒಂದು ರೇಷ್ಮೆ ಸೀರೆಗೆ ಸಾಕಾಗುವಷ್ಟು ನೊರೆ ಬರುತ್ತಿದ್ದಿತು. ಸಾಬೂನನ್ನು ಒಮ್ಮೆ ಸವರಿದರೆ ಜಾಲಾಡುವುದಕ್ಕೇ ಹೆಚ್ಚು ಹೊತ್ತು ಬೇಕಾಗುತ್ತಿದ್ದಿತು. 1959ರಲ್ಲಿ ಸರ್ಫ್ ಎಂಬ ಪುಡಿ ನಮ್ಮ ದೇಶದ ಪೇಟೆಗೆ ಬಂದಿದ್ದರೂ ಅದು ನಮ್ಮ ಮನೆಯ ಹೊಸ್ತಿಲನ್ನು ದಾಟಿದುದು ಎಷ್ಟೋ ಕಾಲದ ಮೇಲೆ. ಅತ್ತೆಯವರಿಗೆ ಅದರ ಅಗತ್ಯವೇ ತೋರಿರಲಿಲ್ಲ. ಅವರ ಬಲವೆಲ್ಲ ವ್ಯಯವಾಗುತ್ತಿದ್ದುದು ಅಡಿಕೆಯ ಕಾಲದಲ್ಲಿ. ಕೊಯ್ಲು ಬಂತೆಂದರೆ ಸುಲಿಯುವವರ, ಬೇಯಿಸುವವರ, ಹರಡುವವರ ಬಟ್ಟೆಗಳ ಮೇಲೆಲ್ಲ ಚೊಗರಿನ ಕಲೆ. ಅಡಿಕೆ ಬೇಯಿಸಿದ ಆ ಕೆಂಪು ರಸ ಒಮ್ಮೆ ನೂಲಿಗೆ ಹಿಡಿಯಿತೆಂದರೆ ಬಟ್ಟೆ ಹರಿಯುವವರೆಗೂ ಬಿಡುವುದಿಲ್ಲವೆಂದು ಬಲ್ಲವರಾಗಿ, ಅಂಥ ಬಟ್ಟೆಗಳನ್ನು ಬೇರೆಯೇ ಇಟ್ಟು, ಬೂದಿಯ ತಿಳಿನೀರಿನಲ್ಲಿ ಕುದಿಸಿ, ಹೊಳೆಯ ಕಲ್ಲಿನ ಮೇಲೆ ಎತ್ತಿ ಎತ್ತಿ ಒಗೆಯುತ್ತಿದ್ದರು.

ನಾನು ಇಲ್ಲಿ ಹೇಳಬೇಕೆಂದಿರುವುದು ಅವರು ಬಟ್ಟೆ ಒಗೆಯುತ್ತಿದ್ದ ರೀತಿಯನ್ನಲ್ಲ, ಒಗೆದಾದ ಮೇಲೆ ಮಾಡುತ್ತಿದ್ದುದನ್ನು. ಕೊನೆಯ ಬಟ್ಟೆಯನ್ನು ಹಿಂಡಿ ಬುಟ್ಟಿಗೆ ಹಾಕಿದೊಡನೆ ಏಳುವುದು ಅವರ ಪದ್ಧತಿಯಾಗಿರಲಿಲ್ಲ. ಹಿತ್ತಲಿನ ಒಗೆಯುವ ಕಲ್ಲಾದರೆ ಅದನ್ನು ತೆಂಗಿನ ನಾರಿನಿಂದ ಅಂಚಿನವರೆಗೂ ಉಜ್ಜಿ, ಮೂರು ಬಾರಿ ನೀರು ಹೊಯ್ದು, ಕಲ್ಲಿನ ಬುಡದಲ್ಲಿ ನೀರು ಮಡುಗಟ್ಟದಂತೆ ಕಾಲಿನಿಂದ ಕಾಲುವೆ ಬಿಡಿಸಿ, ಬಕೆಟ್ಟನ್ನು ಬೋರಲಾಗಿ ಕವುಚಿಟ್ಟು, ನಾರನ್ನೂ ಬ್ರಷ್ಷನ್ನೂ ಬಿಸಿಲು ಬೀಳುವ ಕಡೆ ಒಡ್ಡಿದ ಮೇಲೆಯೇ ಸೆರಗಿನಿಂದ ಕೈಯೊರಸಿಕೊಳ್ಳುತ್ತಿದ್ದರು. ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಎರಡು ದಿನ ಉಜ್ಜದೆ ಬಿಟ್ಟ ಕಲ್ಲು ಹಾವಸೆ ಹಿಡಿಯುತ್ತದೆ. ಹಾವಸೆ ಹಿಡಿದ ಕಲ್ಲು ಕಾಲನ್ನೂ ಜಾರಿಸುತ್ತದೆ, ಬಿಳಿಯ ಪಂಚೆಗೆ ಹಸಿರು ಬರೆಯನ್ನೂ ಎಳೆಯುತ್ತದೆ. ಕಲ್ಲು ಒಗೆಯುವುದು ಬಟ್ಟೆ ಒಗೆಯುವುದರ ಕೊನೆಯ ಅಂಗವಾಗಿದ್ದಿತೇ ಹೊರತು ಪ್ರತ್ಯೇಕವಾದ ಒಂದು ಕೆಲಸವಾಗಿರಲಿಲ್ಲ; ಅದಕ್ಕೊಂದು ದಿನವನ್ನು ಗೊತ್ತುಮಾಡಿ ನೆನಪಿಟ್ಟುಕೊಳ್ಳಬೇಕಾದ ಪ್ರಮೇಯವೇ ಅಲ್ಲಿ ಇರಲಿಲ್ಲ.

ಬೆಂಗಳೂರಿನ ಕೊಳವೆಬಾವಿಯ ನೀರಿನ ಮುಂದೆ ಅತ್ತೆಯವರ ಜೀವಮಾನದ ಅನುಭವವೆಲ್ಲ ಒಂದು ಕ್ಷಣ ತಬ್ಬಿಬ್ಬಾಯಿತು. ಊರಿನಿಂದ ತಂದಿದ್ದ ಅಂಟುವಾಳ ನೊರೆಯನ್ನೇ ಕೊಡಲಿಲ್ಲ. ಸಾಬೂನು ಹಾಕಿದರೆ ನೊರೆಗೆ ಬದಲಾಗಿ ಬೂದುಬಣ್ಣದ ಒಂದು ಜಿಡ್ಡು ತೇಲಿ, ಬಕೆಟ್ಟಿನ ಅಂಚಿಗೂ ಬಟ್ಟೆಯ ಮಡಿಕೆಗಳಿಗೂ ಅಂಟಿಕೊಳ್ಳುತ್ತಿದ್ದಿತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮೆಗ್ನೀಸಿಯಂಗಳು ಸಾಬೂನಿನೊಡನೆ ಕೂಡಿ ನೀರಿನಲ್ಲಿ ಕರಗದ ಲವಣಗಳಾಗುವುದೇ ಈ ಜಿಡ್ಡಿಗೆ ಕಾರಣ. ಸಾಬೂನು ಮೊದಲು ನೀರಿನೊಡನೆ ಸೆಣಸಿ ಮುಗಿದು, ಅನಂತರ ಉಳಿದುದೇನಾದರೂ ಇದ್ದರೆ ಕೊಳೆಯ ಕಡೆ ತಿರುಗಬೇಕು. ಕುಡಿಯುವ ನೀರಿನ ಗಡಸುತನಕ್ಕೆ ನಮ್ಮ ದೇಶದ ಮಾನಕವು ಲೀಟರಿಗೆ 200 ಮಿಲಿಗ್ರಾಮನ್ನು ಒಪ್ಪತಕ್ಕ ಮಿತಿಯೆಂದೂ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಸಹಿಸಬಹುದೆಂದೂ ವಿಧಿಸಿದೆ. ನಮ್ಮ ಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟಾಗ ಅದು ಮೊದಲನೆಯ ಮಿತಿಯನ್ನು ಬಹುದೂರ ಹಿಂದೆ ಬಿಟ್ಟು ಎರಡನೆಯದರ ಸಮೀಪಕ್ಕೆ ಬಂದಿದ್ದಿತು. ಸ್ನಾನದ ಮನೆಯ ಗೀಸರಿನ ಕಾಯಿಲ್ಲು ಸುಟ್ಟುಹೋದಾಗ ಎಲೆಕ್ಟ್ರಿಷಿಯನ್ನು ಅದನ್ನು ಹೊರತೆಗೆದು ತೋರಿಸಿದ್ದುಂಟು. ಬಿಳಿಯ ಗಾರೆ ಮೆತ್ತಿದಂತೆ ಬೆರಳುಗಾತ್ರದ ಹೊರೆ. ಒಳಗಿನ ಲೋಹವೇ ಕಾಣದು. "ಉಪ್ಪು ಕಟ್ಟಿದೆ" ಎಂದನು. ಆ ಬಡಾವಣೆಯಲ್ಲಿ ಎಲ್ಲರ ಬಾಯಲ್ಲಿಯೂ ಆ ಮಾತೇ. ಹಂಡೆಗೆ ಉಪ್ಪು ಕಟ್ಟುತ್ತದೆ, ನಲ್ಲಿಗೆ ಉಪ್ಪು ಕಟ್ಟುತ್ತದೆ, ಸ್ಟೀಲಿನ ಬಿಂದಿಗೆಗೆ ಕಟ್ಟುತ್ತದೆ.

ಮನೆಗೆ ಮೊದಲ ವಾಷಿಂಗ್ ಮಷೀನು ಬಂದುದು 1991ರಲ್ಲಿ. ಎರಡು ತೊಟ್ಟಿಗಳ, ಅರ್ಧ ಸ್ವಯಂಚಾಲಿತವಾದ ಯಂತ್ರ. ಒಂದರಲ್ಲಿ ಒಗೆದು, ಕೈಯಾರೆ ಎತ್ತಿ, ಇನ್ನೊಂದರಲ್ಲಿ ಹಿಂಡಬೇಕು. ಅದರ ವಿಷಯದಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. ಅದು ತನ್ನ ಒಳಗನ್ನು ಮರೆಸುತ್ತಿರಲಿಲ್ಲವಾದುದರಿಂದ ಅತ್ತೆಯವರು ಅದನ್ನು ಬಹುಬೇಗ ಒಪ್ಪಿಕೊಂಡರು. ಒಗೆತ ಮುಗಿದೊಡನೆ ತೊಟ್ಟಿಗೆ ಎರಡು ಚೆಂಬು ನೀರು ಹೊಯ್ದು, ನೂಲಿನ ಕಸ ಹಿಡಿಯುವ ಜಾಲರಿಯ ಚೀಲವನ್ನು ಮಗುಚಿ ತೊಳೆದು, ಒಳಗನ್ನೆಲ್ಲ ಬಟ್ಟೆಯಿಂದ ಒರಸಿ, ಮುಚ್ಚಳವನ್ನು ತೆರೆದಿಟ್ಟೇ ಬರುತ್ತಿದ್ದರು. ಯಾರೂ ಅವರಿಗೆ ಅದನ್ನು ಕಲಿಸಿರಲಿಲ್ಲ. ಹಿತ್ತಲಿನ ಕಲ್ಲಿಗೆ ಸಲ್ಲುತ್ತಿದ್ದುದು ತೊಟ್ಟಿಗೂ ಸಂದಿತು, ಅಷ್ಟೆ.

ತೊಡಕು ಆರಂಭವಾದುದು 2006ರಲ್ಲಿ, ಮುಂದುಗಡೆ ಗಾಜಿನ ಬಾಗಿಲುಳ್ಳ ಪೂರ್ಣ ಸ್ವಯಂಚಾಲಿತ ಯಂತ್ರ ಬಂದ ಮೇಲೆ. ಆ ಯಂತ್ರವನ್ನು ನಾನು ಈಗಲೂ ಮೆಚ್ಚುತ್ತೇನೆ. ಕಡಿಮೆ ನೀರಿನಲ್ಲಿ ಕೆಲಸ ಮುಗಿಸುವುದರಲ್ಲಿ ಅದಕ್ಕೆ ಸಮನಾದುದು ಇಲ್ಲ. ಬಟ್ಟೆಯನ್ನು ನೀರಿನಲ್ಲಿ ಮುಳುಗಿಸಿಡದೆ, ಎತ್ತಿ ಎತ್ತಿ ಕೆಡವಿ ಒಗೆಯುವ ಅದರ ಕ್ರಮವು ಹೊಳೆಯ ಕಲ್ಲಿನ ಕ್ರಮಕ್ಕೆ ಬಹಳ ಸಮೀಪವಾದುದು. ನಿಮಿಷಕ್ಕೆ 1000 ಸುತ್ತುಗಳ ವೇಗದಲ್ಲಿ ಹಿಂಡುವಾಗ ಅದು ನೆಲ ಬಿಟ್ಟು ಓಡದಿರಲೆಂದು ಒಡಲಿನೊಳಗೆ ಕಾಂಕ್ರೀಟಿನ ದಿಂಡುಗಳನ್ನಿಟ್ಟಿರುವ ಉಪಾಯವನ್ನು ತಿಳಿದಾಗ ನನಗಾದ ಸಂತೋಷ ಸಣ್ಣದಲ್ಲ. ಆದರೆ ಅತ್ತೆಯವರು ಅದರ ಮುಂದೆ ನಿಂತು, ಗಾಜಿನೊಳಗೆ ದೃಷ್ಟಿಯಿಟ್ಟು, ಒಂದು ಒಗೆತವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ತಮ್ಮ ಮಡಿಯ ಸೀರೆಯನ್ನು ಮಾತ್ರ ಅದಕ್ಕೆ ಹಾಕುವುದಿಲ್ಲವೆಂದುಬಿಟ್ಟರು.

"ಅಲ್ಲವೇ, ನೀರು ಹೋಯಿತು ಅಂತೀಯಲ್ಲ, ಎಲ್ಲಾ ಹೋಯಿತು ಅಂತ ಹೇಗೆ ಗೊತ್ತು? ಇದಕ್ಕೆ ತಳ ಎಲ್ಲಿದೆ? ನನಗೆ ಕಾಣೋದೇ ಇಲ್ಲ. ನಿನ್ನೆ ನೀರು ಒಳಗೆ ನಿಂತಿದ್ದರೆ ಇವತ್ತಿನ ಬಟ್ಟೆ ಮಡಿ ಹೇಗಾಗತ್ತೆ?"

ಮಡಿಯ ವಿಷಯದಲ್ಲಿ ನನಗೂ ಅವರಿಗೂ ಮೊದಲಿನಿಂದಲೂ ಭಿನ್ನಾಭಿಪ್ರಾಯವಿದ್ದಿತು. ಮನುಷ್ಯರನ್ನು ಮುಟ್ಟತಕ್ಕವರು ಮುಟ್ಟತಕ್ಕವರಲ್ಲದವರು ಎಂದು ವಿಂಗಡಿಸಿದ ಮಡಿಯನ್ನು ನಾನು ಎಂದಿಗೂ ಒಪ್ಪಿದವಳಲ್ಲ. ಊರಿನ ಬಟ್ಟೆಗಳನ್ನೆಲ್ಲ ಚೊಕ್ಕಟಮಾಡಿ ಕೊಟ್ಟ ಮಡಿವಾಳರನ್ನೇ ಹೊಸ್ತಿಲಿನ ಹೊರಗೆ ನಿಲ್ಲಿಸಿದ ಸಮಾಜವು, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ಬಟ್ಟೆಗಳನ್ನು ಒಗೆದ ಮಾಚಿದೇವರನ್ನು ಶರಣರೊಳಗೆ ಶರಣನೆಂದು ಎಣಿಸಿದ ನಾಡಿನಲ್ಲಿಯೇ ಉಳಿದುಬಂದುದನ್ನು ನೆನೆದರೆ ಇಂದಿಗೂ ಮನಸ್ಸು ಕಹಿಯಾಗುತ್ತದೆ. ಆದರೆ ಅಂದು ಅತ್ತೆಯವರು ಕೇಳಿದುದು ಯಾವ ಮನುಷ್ಯನನ್ನು ಕುರಿತ ಪ್ರಶ್ನೆಯೂ ಅಲ್ಲ. ಅದು ನೀರನ್ನು ಕುರಿತ ಪ್ರಶ್ನೆ, ಮತ್ತು ಅದಕ್ಕೆ ನಮ್ಮ ಮನೆಯಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ. ಅವರ ಸೀರೆ ಸ್ನಾನದ ಮನೆಯ ಬಕೆಟ್ಟಿನಲ್ಲಿಯೇ ಜಾಲಾಡಿಸಿಕೊಂಡು, ಗಳುವಿನ ಮೇಲೆ ಒಣಗುತ್ತಾ ಬಂದಿತು.

ಉತ್ತರ ದೊರೆತುದು ಎರಡು ಮಳೆಗಾಲ ಕಳೆದ ಮೇಲೆ. ಆ ವರ್ಷ ಆಷಾಢದಲ್ಲಿ ಒಗೆದ ಟವೆಲುಗಳಿಗೆ ಒಂದು ಮುಗ್ಗಲು ವಾಸನೆ ಹತ್ತಿಕೊಂಡಿತು. ಒಣಗಿದಾಗ ಅದು ಇರುತ್ತಿರಲಿಲ್ಲ. ಮೈಯೊರಸಿಕೊಂಡು ಟವೆಲು ಒದ್ದೆಯಾದೊಡನೆ ಮರಳಿ ಬರುತ್ತಿದ್ದಿತು. ಪುಡಿಯನ್ನು ಹೆಚ್ಚಿಸಿದರೆ ವಾಸನೆಯೂ ಹೆಚ್ಚಾಯಿತು. ಕೊನೆಗೆ ಬಡಾವಣೆಯ ತಿರುವಿನಲ್ಲಿ ಅಂಗಡಿಯಿಟ್ಟಿದ್ದ ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿದೆವು. ಇಪ್ಪತ್ತೈದು ವರ್ಷದ ಹುಡುಗನಿರಬಹುದು. ಬಂದವನು ಯಂತ್ರವನ್ನು ಚಾಲೂ ಮಾಡಲಿಲ್ಲ, ಸ್ವಿಚ್ಚನ್ನು ತೆಗೆದು ಪಿನ್ನನ್ನು ಕಿತ್ತು ಬದಿಗಿಟ್ಟನು. ಬಾಗಿಲು ತೆರೆದು ಮೂಗನ್ನು ಒಳಗಿಟ್ಟು ಒಮ್ಮೆ ಉಸಿರೆಳೆದನು. ಅನಂತರ ನೆಲದ ಮೇಲೆ ಬೋರಲಾಗಿ ಮಲಗಿದಂತೆ ಬಾಗಿ, ಯಂತ್ರದ ಬಲಗಡೆಯ ಕೆಳಮೂಲೆಯಲ್ಲಿದ್ದ ಸಣ್ಣ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದನು.

"ಅಮ್ಮಾ, ಒಂದು ಅಗಲವಾದ ತಟ್ಟೆ ಕೊಡಿ. ಹಳೇ ಟವಲ್ಲೂ ಇರಲಿ."

ಒಳಗಿದ್ದ ಗುಂಡನೆಯ ತಿರುಪನ್ನು ಅವನು ಒಂದು ಸುತ್ತು ತಿರುಗಿಸಿದೊಡನೆ ನೀರು ಜಿನುಗಿತು. ಎರಡನೆಯ ಸುತ್ತಿಗೆ ತಟ್ಟೆ ತುಂಬಿತು. ಚೆಲ್ಲಿ ಬಂದು ಇಟ್ಟಂತೆಲ್ಲ ಮತ್ತೆ ತುಂಬಿತು. ಬಣ್ಣ ಬೂದಿ, ಮೇಲೆ ತೆಳುವಾದ ಜಿಡ್ಡಿನ ಪೊರೆ, ವಾಸನೆಯಂತೂ ನಮ್ಮ ಟವೆಲುಗಳ ವಾಸನೆಯೇ, ಅದಕ್ಕಿಂತ ನಾಲ್ಕು ಪಾಲು ಗಾಢವಾಗಿ. ನೀರು ನಿಂತ ಮೇಲೆ ಅವನು ಆ ಫಿಲ್ಟರನ್ನು ಹೊರಗೆಳೆದು ನನ್ನ ಕೈಗೇ ಕೊಟ್ಟನು. ಅದರ ಹಲ್ಲುಗಳಿಗೆ ಕೂದಲೂ ನೂಲಿನ ಹಿಂಜೂ ಹೆಣೆದುಕೊಂಡು ಕಪ್ಪನೆಯ ಒಂದು ಹೊಸೆಗೆಯಾಗಿದ್ದವು. ಅದರ ನಡುವೆ ಎರಡು ರೂಪಾಯಿಯ ಒಂದು ನಾಣ್ಯ, ತುಕ್ಕು ಹಿಡಿದ ಒಂದು ಹೇರ್‌ಪಿನ್ನು, ನನ್ನ ರವಿಕೆಯ ಹುಕ್ಕು, ಮಗನ ಅಂಗಿಯ ಜೇಬಿನಲ್ಲಿ ಹೋಗಿದ್ದ ಬಸ್ ಟಿಕೇಟಿನ ಮುದ್ದೆಯಾದ ಚೂರು. "ಈ ನೀರು ಯಾವಾಗ್ಲೂ ಒಳಗೇ ಇರತ್ತೆ ಅಮ್ಮ. ಮಷೀನ್ ಎಷ್ಟೇ ಹಿಂಡಲಿ, ಪಂಪಿನ ಹತ್ರ ಇಷ್ಟು ನಿಂತೇ ನಿಲ್ಲತ್ತೆ. ತಿಂಗಳಿಗೆ ಒಂದ್ಸಲ ನೀವೇ ಬಿಡಬೇಕು."

ಅತ್ತೆಯವರು ಬಾಗಿಲಿನ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ತಾವು ಗೆದ್ದೆವೆಂಬ ಭಾವ ಅವರ ಮುಖದಲ್ಲಿ ಕಾಣಲಿಲ್ಲ. ಹತ್ತಿರ ಬಂದು, ತಟ್ಟೆಯ ನೀರನ್ನು ದಿಟ್ಟಿಸಿ, "ತಳ ಇಲ್ಲಿದೆ ಅನ್ನು," ಎಂದರು. ಆ ಹುಡುಗನು ಹೊರಡುವ ಮುನ್ನ ಅವರು ಅವನಿಂದ ಆ ತಿರುಪನ್ನು ಬಿಚ್ಚುವುದನ್ನೂ ಹಾಕುವುದನ್ನೂ ತಾವೇ ಕೈಯಾರೆ ಮಾಡಿ ಕಲಿತರು. ಮುಂದಿನ ವಾರದಿಂದ ಏಕಾದಶಿಯ ಹಿಂದಿನ ದಿನ ತಟ್ಟೆಯಿಟ್ಟು ತಳದ ನೀರನ್ನು ಬಿಟ್ಟು, ಬರಿಯ ನೀರಿನಲ್ಲಿ ಯಂತ್ರವನ್ನು ಒಮ್ಮೆ ಓಡಿಸಿ, ಅನಂತರ ತಮ್ಮ ಸೀರೆಯನ್ನು ಅದಕ್ಕೆ ಹಾಕತೊಡಗಿದರು. ಎಂಬತ್ತರ ಸಮೀಪದಲ್ಲಿ ಸೀರೆ ಹಿಂಡುವ ಕಷ್ಟ ಅವರಿಗೆ ಹೀಗೆ ತಪ್ಪಿತು.

ಆ ಹುಡುಗನು ಅಂದು ಹೇಳಿಕೊಟ್ಟುದನ್ನೂ, ಮುಂದೆ ಅನೇಕ ಸಲ ಬಂದು ತೋರಿಸಿದುದನ್ನೂ, ನಾನೇ ಓದಿ ತಿಳಿದುದನ್ನೂ ಕೂಡಿಸಿ ನೋಡಿದಾಗ ನನಗೆ ಸ್ಪಷ್ಟವಾದುದು ಇಷ್ಟು. ಹಳೆಯ ಒಗೆತದಲ್ಲಿ ಉಪಕರಣದ ಕೊಳೆ ಕಣ್ಣೆದುರಿಗೇ ಇರುತ್ತಿದ್ದಿತು. ಆದ್ದರಿಂದ ಅದನ್ನು ತೊಳೆಯುವುದು ಕೆಲಸದೊಳಗೇ ಸೇರಿಹೋಗಿದ್ದಿತು. ಈ ಯಂತ್ರವಾದರೋ ಎರಡು ಪಾತ್ರೆಗಳ ರಚನೆ. ನಾವು ಕಾಣುವ, ತೂತುಗಳುಳ್ಳ, ಹೊಳೆಯುವ ಉಕ್ಕಿನ ಡ್ರಮ್ಮು ಒಳಗಿನದು. ನೀರನ್ನು ಹಿಡಿದಿಡುವುದು ಅದರ ಹೊರಗಿನ, ಎಂದೂ ಕಣ್ಣಿಗೆ ಬೀಳದ ತೊಟ್ಟಿ. ಡ್ರಮ್ಮು ಥಳಥಳಿಸುತ್ತಿರುವಾಗಲೇ ಅದರ ಬೆನ್ನಿಗೆ ಸಾಬೂನಿನ ಶೇಷ, ಮೈಯ ಜಿಡ್ಡು, ಗಂಜಿ, ನೂಲಿನ ಹಿಂಜು ಪದರಪದರವಾಗಿ ಕೂಡಿಕೊಂಡು ಸೂಕ್ಷ್ಮಜೀವಿಗಳಿಗೆ ಬೀಡಾಗಿರುತ್ತವೆ. ತಣ್ಣೀರಿನ ಒಗೆತವೇ ನಮ್ಮಲ್ಲಿ ವಾಡಿಕೆಯಾದುದರಿಂದ ಅವುಗಳನ್ನು ಕೊಲ್ಲುವಷ್ಟು ಶಾಖವೂ ಒಳಗೆ ಹುಟ್ಟುವುದಿಲ್ಲ. ಒಗೆದ ಬಟ್ಟೆ ಒದ್ದೆಯಾದಾಗ ಮರಳಿ ಬರುವ ವಾಸನೆಗೆ ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ನೂಲಿನಲ್ಲಿ ಉಳಿದ ಮೈಯ ಜಿಡ್ಡಿನಿಂದ ಅದು ಆ ದುರ್ವಾಸನೆಯ ಆಮ್ಲವನ್ನು ಹುಟ್ಟಿಸುತ್ತದೆ. ಪುಡಿ ಹೆಚ್ಚಿಸಿದರೆ ವಾಸನೆ ಏಕೆ ಹೆಚ್ಚಿತೆಂಬುದೂ ಆಗ ತಿಳಿಯಿತು. ಈ ಬಗೆಯ ಯಂತ್ರದಲ್ಲಿ ನೀರು ಕಡಿಮೆ. ಹೆಚ್ಚಾದ ನೊರೆ ಕೊಚ್ಚಿಹೋಗದೆ ತೊಟ್ಟಿಯ ಬೆನ್ನಿಗೇ ಹತ್ತಿ ಒಣಗಿ, ಮತ್ತೊಂದು ಪದರವಾಗುತ್ತದೆ.

ಹೀಗಾಗಿ ನಮ್ಮ ಮನೆಯಲ್ಲಿ ಒಂದು ಆಚರಣೆ ಬೆಳೆಯಿತು. ಅದನ್ನು ಆಚರಣೆಯೆಂದು ಕರೆಯುವುದಕ್ಕೆ ನನಗೆ ಸಂಕೋಚವಿಲ್ಲ. ಪ್ರತಿ ಒಗೆತದ ಕೊನೆಯಲ್ಲಿ, ಬಟ್ಟೆ ಹರವುವುದಕ್ಕೆ ಹೋಗುವ ಮೊದಲೇ, ಬಾಗಿಲಿನ ಸುತ್ತಲಿನ ರಬ್ಬರಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ಒಣಬಟ್ಟೆಯಿಂದ ಸುತ್ತಲೂ ಒರಸುವುದು. ಮಡಿಕೆಯ ಕೆಳಭಾಗದಲ್ಲಿ ನೀರಿಳಿಯಲೆಂದು ಸಣ್ಣ ತೂತುಗಳಿರುತ್ತವೆ. ಕೂದಲಿನ ಒಂದೆಳೆ ಅಡ್ಡವಾದರೂ ಅಲ್ಲಿ ನೀರು ನಿಂತು, ವಾರದೊಳಗೆ ಕಪ್ಪು ಚುಕ್ಕೆಗಳೇಳುತ್ತವೆ. ಒಮ್ಮೆ ರಬ್ಬರಿನೊಳಕ್ಕೆ ಬೇರೂರಿದ ಬೂಷ್ಟು ಮತ್ತೆ ಬಿಡುವುದು ಬಲು ಕಷ್ಟ. ಪುಡಿ ಹಾಕುವ ಡ್ರಾಯರನ್ನು, ನಡುವಿನ ನಾಲಗೆಯನ್ನು ಒತ್ತಿ ಪೂರ್ತಿ ಹೊರಗೆಳೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದು. ಡ್ರಾಯರಿಗಿಂತ ಅದು ಕೂಡುವ ಗೂಡಿನ ಮೇಲ್ಛಾವಣಿಯಲ್ಲಿಯೇ ಹೆಚ್ಚು ಬೂಷ್ಟಿರುತ್ತದೆ ಎಂಬುದು ಕನ್ನಡಿಯೊಂದನ್ನು ಒಳಗೆ ಹಿಡಿದು ನೋಡಿದವರಿಗೆ ತಿಳಿಯುತ್ತದೆ. ಅನಂತರ ಬಾಗಿಲನ್ನು ತೆರೆದಿಡುವುದು. ಮೊಮ್ಮಗನು ತೆವಳಿ ಆಡುವ ವಯಸ್ಸಿನಲ್ಲಿ, ಮಗು ಒಳಹೊಕ್ಕೀತೆಂಬ ಭಯದಿಂದ, ಬಾಗಿಲನ್ನು ಎರಡು ಬೆರಳಿನಷ್ಟು ಮಾತ್ರ ತೆರೆದು ಒಂದು ಟೇಪಿನಿಂದ ನಲ್ಲಿಗೆ ಬಿಗಿದು ಕಟ್ಟುತ್ತಿದ್ದೆವು.

ಉಪ್ಪಿನ ಕಥೆ ಬೇರೆಯೇ. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟು ಕಾದೊಡನೆ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟಾಗಿ, ಅಂದರೆ ಸುಣ್ಣಕಲ್ಲಿನ ದ್ರವ್ಯವೇ ಆಗಿ, ಹೀಟರಿನ ಮೈಗೆ ಹತ್ತುತ್ತದೆ. ಹೊರೆ ದಪ್ಪವಾದಷ್ಟೂ ಶಾಖ ನೀರಿಗೆ ಮುಟ್ಟದೆ ಹೀಟರಿನೊಳಗೇ ಉಳಿದು, ಕೊನೆಗೆ ಅದನ್ನೇ ಸುಡುತ್ತದೆ. ಇದಕ್ಕೆ ಮದ್ದು ಹುಳಿ. ಸಿಟ್ರಿಕ್ ಆಮ್ಲವನ್ನು ಕಿರಾಣಿ ಅಂಗಡಿಗಳಲ್ಲಿ ನಿಂಬೆ ಉಪ್ಪೆಂದು ಮಾರುತ್ತಾರೆ. ಸುಮಾರು 100 ಗ್ರಾಮನ್ನು ಬರಿಯ ಡ್ರಮ್ಮಿಗೆ ಸುರಿದು, 60 ಡಿಗ್ರಿಯ ಶಾಖಕ್ಕಿಟ್ಟು, ಬಟ್ಟೆಯಿಲ್ಲದೆ ಒಂದು ಪೂರ್ತಿ ಒಗೆತ ಓಡಿಸಿದರೆ ಸುಣ್ಣ ಕರಗಿ ಹೋಗುತ್ತದೆ. ನಾವು ಇದನ್ನು ಎರಡು ಮೂರು ತಿಂಗಳಿಗೊಮ್ಮೆ ಮಾಡುತ್ತಿದ್ದೆವು. ಕಾವೇರಿಯ ನೀರು ನಮ್ಮ ನಲ್ಲಿಗೂ ಬಂದ ಮೇಲೆ ಅಂತರ ಹೆಚ್ಚಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳದೆ ಮುಂದೆ ಹೋಗಲಾರೆ. ಹುಳಿಯನ್ನು ಹಾಕಿದ ದಿನ ಬ್ಲೀಚಿನ ದ್ರಾವಣವನ್ನು ಯಂತ್ರದ ಹತ್ತಿರಕ್ಕೂ ತರಕೂಡದು. ಎರಡೂ ಸೇರಿದರೆ ಹೊರಡುವುದು ಕ್ಲೋರಿನ್ ವಿಷಾನಿಲ; ಕಿಟಕಿಯಿಲ್ಲದ ಸ್ನಾನದ ಮನೆಯಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಎರಡು ಶುದ್ಧಿಯ ವಸ್ತುಗಳು ಕೂಡಿದರೆ ಶುದ್ಧಿ ಇಮ್ಮಡಿಯಾದೀತೆಂದು ನಂಬಿ ಬೆರೆಸುವವರನ್ನು ನಾನು ಕಂಡಿರುವುದರಿಂದ ಈ ಎಚ್ಚರಿಕೆ.

ಇನ್ನುಳಿದುವನ್ನು ಬೇಗ ಹೇಳಿಬಿಡುತ್ತೇನೆ. ನೀರು ಬರುವ ಪೈಪಿನ ಎರಡು ತುದಿಗಳಲ್ಲಿಯೂ ಸಣ್ಣ ಜಾಲರಿಗಳಿರುತ್ತವೆ, ಕೊಳವೆಬಾವಿಯ ಮರಳು ಅಲ್ಲಿ ಸೇರಿ ನೀರು ಸಣ್ಣಗಾಗುತ್ತದೆ. ನಲ್ಲಿ ನಿಲ್ಲಿಸಿ, ಇಕ್ಕುಳದಿಂದ ಜಾಲರಿಯನ್ನು ಎಳೆದು ತೊಳೆದರೆ ಸಾಕು. ಯಂತ್ರದ ನಾಲ್ಕು ಕಾಲುಗಳೂ ಸಮನಾಗಿ ನೆಲ ಮುಟ್ಟಿರಬೇಕು. ಅರ್ತಿಂಗ್ ಸರಿಯಿರಬೇಕು. ತಳದಿಂದ ಇಲಿ ನುಗ್ಗದಂತೆ ಕಬ್ಬಿಣದ ಬಲೆ ಬಿಗಿಸಬೇಕು. ನಮ್ಮ ಬೀದಿಯಲ್ಲಿ ಯಂತ್ರಗಳ ವೈರುಗಳನ್ನು ಕಡಿದು ಹಾಕಿದ ಇಲಿಗಳ ಕಥೆ ಮನೆಗೊಂದರಂತೆ ಇದ್ದಿತು.

ಅತ್ತೆಯವರು ತೀರಿಕೊಂಡ ಮೇಲೂ ಆ ಯಂತ್ರ ನಡೆಯುತ್ತಲೇ ಇದ್ದಿತು. 2019ರ ಸುಮಾರಿಗೆ ಹಿಂಡುವಾಗ ಒಂದು ಘರ್ಜನೆ ಕೇಳಬಂದಿತು. ಈಗ ನಡುವಯಸ್ಸಿನವನಾಗಿ ಇಬ್ಬರು ಹುಡುಗರನ್ನು ಕೈಕೆಳಗೆ ಇಟ್ಟುಕೊಂಡಿದ್ದ ಅದೇ ಮೆಕ್ಯಾನಿಕ್ಕನು ಬಂದು, ಸೀಲು ಸವೆದು ಬೇರಿಂಗಿಗೆ ನೀರು ಇಳಿದಿದೆಯೆಂದು ಹೇಳಿ, ಯಂತ್ರವನ್ನು ಪೂರ್ತಿ ಬಿಚ್ಚಿದನು. ಹದಿಮೂರು ವರ್ಷ ನಾವು ಕಾಣದಿದ್ದ ಹೊರತೊಟ್ಟಿಯ ಒಳಮೈ ಅಂದು ಮೊದಲಬಾರಿಗೆ ಬಿಸಿಲಿಗೆ ಬಂದಿತು. ನಾನು ಕುರ್ಚಿ ಹಾಕಿಕೊಂಡು ಕೂತು ನೋಡಿದೆನು. ಡ್ರಮ್ಮಿನ ಬೆನ್ನಿಗೆ ಮೂರು ತೋಳುಗಳ ಒಂದು ಅಲ್ಯೂಮಿನಿಯಂ ಚೌಕಟ್ಟಿರುತ್ತದೆ. ಡ್ರಮ್ಮಿನ ಭಾರವನ್ನೆಲ್ಲ ಹೊರುವುದು ಅದು. ಸಾಬೂನಿನ ಶೇಷ ಅದರ ಕುಳಿಗಳಲ್ಲಿ ಕೂತು ಲೋಹವನ್ನು ತಿಂದುಹಾಕಿ, ತೋಳುಗಳು ತುಂಡಾದ ಎಷ್ಟೋ ಯಂತ್ರಗಳು ಗುಜರಿಗೆ ಹೋಗುತ್ತವೆಂದು ಅವನು ಹೇಳಿದನು. ನಮ್ಮದರ ತೋಳುಗಳಲ್ಲಿ ಅಲ್ಲಲ್ಲಿ ಬಿಳಿಯ ಕುಳಿಗಳಿದ್ದುವು, ಆದರೆ ಲೋಹ ಗಟ್ಟಿಯಾಗಿದ್ದಿತು. ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ, ಅದರ ದನಿಯನ್ನು ಆಲಿಸಿ, "ಬೇರಿಂಗ್ ಹಾಕೋಣ ಅಮ್ಮ, ಹೊಸದು ಬೇಡ," ಎಂದನು. ಹೊಸ ಯಂತ್ರವನ್ನು ಮಾರಿದ್ದರೆ ಅವನಿಗೆ ಕಮಿಷನ್ನು ದೊರೆಯುತ್ತಿದ್ದಿತು. ಇಂಥ ಕೆಲಸಗಾರರು ನಮ್ಮ ನಗರಗಳಲ್ಲಿ ಇನ್ನೂ ಇದ್ದಾರೆಂಬುದೇ ನನ್ನ ವಾರ್ಧಕ್ಯದ ದೊಡ್ಡ ಸಮಾಧಾನಗಳಲ್ಲಿ ಒಂದು.

ಹೋದ ವರ್ಷ, ನಮ್ಮ ಮನೆಗೆಲಸಕ್ಕೆ ಬರುವಾಕೆ ಕಂತಿನ ಮೇಲೆ ಎರಡು ತೊಟ್ಟಿಗಳ ಒಂದು ಯಂತ್ರವನ್ನು ಕೊಂಡಳು. ಬೆಳಗಿನಿಂದ ನಾಲ್ಕು ಮನೆಗಳ ಬಟ್ಟೆ ಪಾತ್ರೆ ಮುಗಿಸಿ ಹೋದವಳು ತನ್ನ ಮನೆಯ ಬಟ್ಟೆಗೆ ಕೂರುವುದು ರಾತ್ರಿಯ ಹೊತ್ತು. ಅವಳಿಗಿಂತ ಈ ಯಂತ್ರಕ್ಕೆ ಹೆಚ್ಚು ಅರ್ಹರಾದವರನ್ನು ನಾನು ಕಾಣೆನು. ಕೆಲವು ತಿಂಗಳಲ್ಲಿ ಅದರಿಂದಲೂ ವಾಸನೆ ಬರುತ್ತಿದೆಯೆಂದು ಹೇಳಿದಾಗ ನಾನೇ ಅವಳ ಮನೆಗೆ ಹೋದೆನು. ಅವರ ಬೀದಿಗೆ ಬರುವುದು ಟ್ಯಾಂಕರಿನ ನೀರು. ಅದೂ ಕೊಳವೆಬಾವಿಯದೇ, ಇನ್ನೂ ಗಡಸು. ತೊಟ್ಟಿಯ ತಳದಲ್ಲಿ ಬಟ್ಟೆಯನ್ನು ಸುತ್ತಿಸುವ ಚಕ್ರವು ನಡುವಿನ ಒಂದೇ ಸ್ಕ್ರೂವಿನ ಮೇಲೆ ನಿಂತಿರುತ್ತದೆ. ಪಿನ್ನನ್ನು ಕಿತ್ತು, ಸ್ಕ್ರೂ ಬಿಚ್ಚಿ, ಎರಡು ಕಡೆ ದಾರ ಸಿಕ್ಕಿಸಿ ಮೇಲೆತ್ತಿದಾಗ ಚಕ್ರದ ಅಡಿಯಲ್ಲಿ ಮೆತ್ತಗಿನ ಕಪ್ಪು ಕೆಸರು ಒಂದು ಬೆರಳಿನಷ್ಟು ಕೂತಿದ್ದಿತು. ಮಕ್ಕಳ ಶಾಲೆಯ ಬ್ಯಾಡ್ಜೊಂದೂ ಸಿಕ್ಕಿತು. ಅವಳು ತಡಮಾಡದೆ ಬ್ರಷ್ಷು ತಂದು ಉಜ್ಜತೊಡಗಿದಳು. ನಿಂಬೆ ಉಪ್ಪನ್ನು ಎಷ್ಟು ಹಾಕಬೇಕೆಂದು ಕೇಳಿ, ಈ ಯಂತ್ರದಲ್ಲಿ ನೀರು ಕಾಯಿಸುವ ಹೀಟರಿಲ್ಲವೆಂದು ನಾನು ಹೇಳಿದಾಗ, "ಒಲೆ ಮೇಲೆ ನೀರು ಕಾಯಿಸಿ ಹಾಕ್ತೀನಿ ಬಿಡಿ ಅಮ್ಮ, ಪ್ಲಾಸ್ಟಿಕ್ ತಡೆಯೋಷ್ಟು ಬಿಸಿ," ಎಂದಳು. ಹಿಂಡುವ ತೊಟ್ಟಿಯ ಕಡೆಯದು ಅವಳಿಗೆ ನನಗಿಂತ ಚೆನ್ನಾಗಿ ತಿಳಿದಿದ್ದಿತು. ಬುಟ್ಟಿಗೂ ಹೊರಗೋಡೆಗೂ ನಡುವಿನ ಸಂದಿಗೆ ಕರವಸ್ತ್ರ, ಕಾಲುಚೀಲ ಜಾರಿ ಬಿದ್ದು ಬ್ರೇಕಿಗೆ ಸುತ್ತಿಕೊಳ್ಳುವುದನ್ನು ಅವಳು ಈಗಾಗಲೇ ಕಂಡಿದ್ದಳು. ಅದಕ್ಕಾಗಿ ಬಟ್ಟೆಯ ಮೇಲೆ ಒತ್ತಿಡುವ ಪ್ಲಾಸ್ಟಿಕ್ಕಿನ ತಟ್ಟೆಯನ್ನು, ಕಳೆದುಹೋಗದಿರಲೆಂದು, ಒಂದು ದಾರದಿಂದ ಮುಚ್ಚಳಕ್ಕೇ ಕಟ್ಟಿಟ್ಟಿದ್ದಳು. ಆ ಉಪಾಯವನ್ನು ನಮ್ಮ ಮೆಕ್ಯಾನಿಕ್ಕನಿಗೆ ಹೇಳಿದೆನು. ತನ್ನ ಗಿರಾಕಿಗಳಿಗೆಲ್ಲ ಅದನ್ನು ಹೇಳುವುದಾಗಿ ಅವನು ಒಪ್ಪಿಕೊಂಡನು.